ಎರಡನೇ ಸರಿಯುತ್ತರ

ಶನಿವಾರ ಮಧ್ಯಾಹ್ನ. ಮುದಗಲ್ಲಿನ ನಮ್ಮ ಶಾಲೆಯ
ವಿಜ್ಞಾನದ ಕೋಣೆ. ಏಳು ಮಕ್ಕಳು, ನಾಲ್ಕು ಫೋನು,
ನನ್ನದೂ ಸೇರಿ.
ಪ್ರೊಜೆಕ್ಟರಿಗೆ ಪರದೆ ಇಲ್ಲ. ಜೀರ್ಣಾಂಗಗಳ ಚಾರ್ಟನ್ನು
ತಿರುವಿ ತೂಗುಹಾಕಿದ್ದೇವೆ. ಹಿಂದಿನಿಂದ ಕರುಳು
ಮಸುಕಾಗಿ ಮೂಡುತ್ತದೆ, ಅದರ ಮೇಲೆ ಲ್ಯಾಟಿನ್.

"ಸತ್ತ ಭಾಷಾ ಕಲ್ತು ಏನ್ ಮಾಡ್ತಾವ್ರೀ ಬ್ರಿಜಿತಾ ಟೀಚರ್"
ಅಂದಿದ್ದರು ಹೆಡ್‌ಮಾಸ್ತರು.
ಗಿಡಗಳ ಹೆಸರು ಬಾಯಿಗೆ ಬರ್ತಾವ್ರಿ ಸರ್, ಅಂದೆ.
ಅದು ಅರ್ಧ ನಿಜ. ಉಳಿದರ್ಧ
ನನಗೂ ಆಗ ಗೊತ್ತಿರಲಿಲ್ಲ.

ಆ್ಯಪು ದೂರದ ದೇಶದ್ದು, ಬಲು ಮೆತ್ತಗೆ ಎಚ್ಚರಿಸುತ್ತದೆ:
ಇಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ,
ಗಾಬರಿಯಾಗಬೇಡಿ.
ಓದಿ ಹೇಳಿದೆ. ಹುಲಿಗೆಮ್ಮ ಕಣ್ಣರಳಿಸಿ,
"ಮತ್ತೆಲ್ಲಿ ಬರ್ಬೇಕಿತ್ರೀ ಅದು?"

ಪುಯೆಲ್ಲಾ ಆಕ್ವಾಂ ಪೋರ್ತಾತ್.
ಹುಡುಗಿ ನೀರನ್ನು ಹೊರುತ್ತಾಳೆ.
ಒಂದರ ಕೆಳಗೊಂದು ಇಟ್ಟರೆ
ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ.
ಬಾಲದ 'ಅಂ' ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ ಎಂದು
ದುರುಗಪ್ಪ ತಾನೇ ಕಂಡುಹಿಡಿದು
ಬೆಂಚಿನ ಮೇಲೆ ಎದ್ದು ನಿಂತ.
ಆರನೇ ಮಟ್ಟ ದಾಟಲು ಮೂರು ವಾರ ಬೇಕು ಅಂದಿತ್ತು ಆ್ಯಪು.
ಮೂರು ತಾಸು ಸಾಕಾಯಿತು.
ನಡುವೆ ಒಂದು ತಾಸು ಕರೆಂಟು ಹೋಗಿತ್ತು ಬೇರೆ.

ಗುಡಿಯ ಗಂಟೆ ಬಾರಿಸುವ ಇನ್ನಾಸಪ್ಪ ತಾತ
ಮೊಮ್ಮಗಳ ಬುತ್ತಿ ಹಿಡಿದು ಬಂದವನು
ಹೊಸ್ತಿಲಲ್ಲೇ ನಿಂತ.
ಎಂಟು ವರ್ಷದವನಿದ್ದಾಗ ಪಾದ್ರಿಗಳ ಹಿಂದೆ ಮೊಣಕಾಲೂರಿ
ಗಿಣಿಯ ಹಾಗೆ ಹೇಳಿದ ಸದ್ದುಗಳು,
ಆಮೇಲೆ ಪೂಜೆ ಕನ್ನಡಕ್ಕೆ ಬಂತು,
ಸದ್ದುಗಳು ಒಳಗೇ ಉಳಿದವು,
ಬೀಗವಿಲ್ಲದ ಕೀಲಿಗಳು.

"ನನ್ಗೂ ಒಂದು ಆಟ ಹಾಕ್ರಿ."
ಹಾಕಿದೆವು. ನೋಬಿಸ್ ಪಾಕೆಂ ದಾ.
ನಮಗೆ ಶಾಂತಿಯನ್ನು ಕೊಡು.
ಓದಲು ಬರದವ, ಮೊಮ್ಮಗಳು ಕಿವಿಯಲ್ಲಿ ಉಸುರಿದಳು,
ಅವನು ಫೋನಿಗೆ ಬಾಯಿ ಹಚ್ಚಿ ನಿಧಾನ ಹೇಳಿದ:
ನೋಬಿಸ್ ಪಾಚೆಂ ದಾ.

ಗುಂಯ್ ಅಂತ ಕೆಂಪು ದೀಪ.
ಮತ್ತೆ: ಪಾಚೆಂ. ಮತ್ತೆ ಕೆಂಪು.
ಅವನ ಕಿವಿಯ ತುದಿಯೂ ಅದೇ ಬಣ್ಣಕ್ಕೆ ತಿರುಗಿತು.
ಎಪ್ಪತ್ತು ವರ್ಷ ತಪ್ಪೇ ಹೇಳಿದೆನೇನು ದೇವರಿಗೆ
ಎಂಬಂತೆ ನನ್ನ ಕಡೆ ನೋಡಿದ.

ಟೀಚರಾಗಿ ನಾನು ವಿವರಿಸಬೇಕಿತ್ತು:
ಹಳೆಯ ರೋಮಿನಲ್ಲಿ ಕ, ಮುಂದೆ ದೇವಾಲಯಗಳಲ್ಲಿ ಚ,
ಎರಡೂ ಸರಿ ತಾತಾ, ಕಾಲ ಬೇರೆ.
ಬಾಯಿ ತೆರೆಯುವಷ್ಟರಲ್ಲಿ ಜಗಳ ಹತ್ತಿತ್ತು.
"ನಾವು ಹಂಗ ಅಂತೀವಿ, ರಾಯಚೂರ್ ಪ್ಯಾಟ್ಯಾಗ ಹಿಂಗ ಅಂತಾರ,
ಯಾರಿಗರ ಕೆಂಪು ದೀಪ ಹತ್ತೈತೇನ್ರಿ?"
ಹುಲಿಗೆಮ್ಮನ ವಾದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ರಾಜಾಬಕ್ಷಿ ಮಾತಾಡಲಿಲ್ಲ. ಒಡೆದ ಗಾಜಿನ ಫೋನಿನಲ್ಲಿ
ಮೂಲೆ ಮೂಲೆ ತಡಕುತ್ತ ಒಂದು ಸಣ್ಣ ಕೂಡುವ ಚಿಹ್ನೆ ಹುಡುಕಿದ.
ನಾನು ಎರಡು ತಿಂಗಳಿಂದ ನೋಡಿಯೂ ನೋಡದ್ದು:
ಇನ್ನೊಂದು ಸರಿಯುತ್ತರ ಸೇರಿಸಿ.
"ಹೇಳ್ರಿ ತಾತಾ, ಇದರಾಗ."

ಕಿಟಕಿಯಾಚೆ ಆಡು ಕೂಗಿತು, ಬೇವಿನ ಕೆಳಗೆ
ಯಾರೋ ಸೈಕಲ್ಲಿನ ಚೈನು ಏರಿಸುತ್ತಿದ್ದರು.
ಇನ್ನಾಸಪ್ಪ ಟೋಪಿ ತೆಗೆದು, ಕೆಮ್ಮಿ, ಹೇಳಿದ.
ಹಸಿರು.

ಈಗ ನಮ್ಮ ಕಾರ್ಡುಗಳಲ್ಲಿ ಶಾಂತಿಗೆ ಎರಡು ದನಿ.
ಒಂದು ಯಾವುದೋ ಸ್ಟುಡಿಯೋದ ನುಣುಪು ಗಂಡಸಿನದು,
ಇನ್ನೊಂದರಲ್ಲಿ ಆಡು, ಚೈನು, ತಾತ.
ಹೋದ ವಾರದ ಲೆಕ್ಕ ತೋರಿಸುತ್ತದೆ,
ಎಲ್ಲಿಯದೋ ಯಾರೋ ಅದನ್ನು ಹನ್ನೊಂದು ಸಲ ಕೇಳಿದ್ದಾರೆ.

ಸುದ್ದಿ ಮುಟ್ಟಿಸಿದಾಗ ತಾತ ಗಾಬರಿಯಾದ.
"ಆ ಕೆಮ್ಮು ಕತ್ತರಿಸಾಕ ಬರ್ತೈತೇನಪಾ?"
ಬರ್ತೈತಿ, ಅಂದ ರಾಜಾಬಕ್ಷಿ.
ಕತ್ತರಿಸಲಿಲ್ಲ.